ಹಳೇ ವಿಎಂಸಿಗೆ ಹೊಸ ಕಂಟ್ರೋಲ್

ಪ್ರಶ್ನೆ: ನಮ್ಮ ಶೆಡ್ಡಿನ ಹಳೇ ವಿಎಂಸಿಯ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಿಲ್ಲಿಂಗ್ ಮಷೀನಿನ, ಕಂಟ್ರೋಲ್ ಕೆಟ್ಟು ನಿಂತಿದೆ, ಬೋರ್ಡು ಎಲ್ಲೂ ಸಿಗುತ್ತಿಲ್ಲ. ಪಿಸಿಯಿಂದ ಮಷೀನ್ ನಡೆಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ ಹಾಕಿಸಬಹುದಾ?
– ಒಬ್ಬ ಓದುಗರು, ಪೀಣ್ಯ

ಉತ್ತರ: ಖಂಡಿತ ಹಾಕಿಸಬಹುದು, ಗುಜರಿಗೆ ಮಾತ್ರ ಕೊಡಬೇಡಿ. ಇದರ ಮೂಲ 1990ರ ದಶಕದಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿ ಬರೆದ ಇಎಂಸಿ ಎಂಬ ಕಂಟ್ರೋಲ್ ಸಾಫ್ಟ್‌ವೇರ್, ಆಟದ ಸಾಮಾನಲ್ಲ. ಆದರೆ ಮೊದಲು ಮಷೀನಿನ ಮೈ ನೋಡಿ. ಟೇಬಲ್‌ಗೆ ಡಯಲ್ ಗೇಜ್ ಹಚ್ಚಿ, ಟೇಬಲ್ ಸರಿಸುವ ಬಾಲ್‌ಸ್ಕ್ರೂವನ್ನು ಕೈಯಲ್ಲಿ ಆ ಕಡೆ ಈ ಕಡೆ ಚೂರು ತಿರುಗಿಸಿ, ಸ್ಕ್ರೂ ತಿರುಗಿದರೂ ಮುಳ್ಳು ಅಲ್ಲಾಡದಿದ್ದರೆ ಅಷ್ಟು ಸಡಿಲ (ಬ್ಯಾಕ್‌ಲ್ಯಾಶ್) ಇದೆ ಅಂತ ಅರ್ಥ. ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸಬಹುದು ನಿಜ, ಸವೆದ ಸ್ಕ್ರೂ ಅದರಿಂದ ಹೊಸದಾಗಲ್ಲ.

ಸ್ಕ್ರೂ ತಿರುಗಿಸುವ ಸರ್ವೋ ಮೋಟಾರು, ಅದನ್ನು ಓಡಿಸುವ ಡ್ರೈವ್ ಚೆನ್ನಾಗಿದ್ದರೆ ಸುಮ್ನೆ ಬದಲಾಯಿಸಬೇಡಿ. ಆ ಕಾಲದ ಡ್ರೈವ್‌ಗಳು ಹೆಚ್ಚಾಗಿ ಮೈನಸ್ 10ರಿಂದ ಪ್ಲಸ್ 10 ವೋಲ್ಟ್ ಸಿಗ್ನಲ್ ಕೇಳುತ್ತವೆ, ಅದನ್ನು ಕೊಡುವ ಮೆಸಾ 7ಐ77ನಂಥ ಕಾರ್ಡ್‌ಗಳಿವೆ, ದುಡ್ಡು ಉಳಿಯೋದು ಇಲ್ಲೇ. ತಲೆನೋವು ಜಾಸ್ತಿ ಇರೋದು ಟೂಲ್ ತಾನಾಗೇ ಬದಲಿಸುವ ಟೂಲ್ ಚೇಂಜರ್‌ನಲ್ಲಿ, ಹಾಗಾಗಿ ಅದು ಯಾವ ಕ್ರಮದಲ್ಲಿ ನಡೆಯುತ್ತೆ ಅಂತ ತೋರಿಸುವ ಹಳೇ ಲ್ಯಾಡರ್ ಡ್ರಾಯಿಂಗ್ ಜೋಪಾನ ಮಾಡಿ, ವೈರ್ ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ನಂಬರ್ ಹಾಕಿ ಫೋಟೋ ತೆಗೆದಿಡಿ. ಪಿಸಿ ಕೊಳ್ಳುವ ಮುಂಚೆ ಅದು ಎಷ್ಟು ತಡ ಮಾಡುತ್ತೆ ಅಂತ ಅಳೆಯುವ ಲೇಟೆನ್ಸಿ ಟೆಸ್ಟ್ ಅದರ ಮೇಲೆ ಓಡಿಸಿ.

ಎಮರ್ಜೆನ್ಸಿ ಸ್ಟಾಪನ್ನು ಮಾತ್ರ ಸಾಫ್ಟ್‌ವೇರ್ ಕೈಗೆ ಬಿಡಲೇಬೇಡಿ. ಬಟನ್ ಒತ್ತಿದ ತಕ್ಷಣ ಡ್ರೈವ್‌ನ ಪವರ್ ರಿಲೇ ಮೂಲಕ ನೇರವಾಗಿ ಕಟ್ ಆಗಬೇಕು.