ಕಿಣ್ವಕ್ಕೆ ಖಳನ ವೇಷ ಯಾಕೆ?

ನಮಸ್ಕಾರ.

ಚರ್ಮದ ಸ್ಕ್ವಾಮಸ್ ಕ್ಯಾನ್ಸರ್ (ಚಪ್ಪಟೆ ಕೋಶಗಳ ಕ್ಯಾನ್ಸರ್) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾ ಓದಿ ನಿಜಕ್ಕೂ ಸಿಟ್ಟು ಬಂತು. ಅದೊಂದರ ಬಗ್ಗೆಯೇ ಬರೆಯುತ್ತೇನೆ.

"ಪ್ರೋಟೀನ್ ಕೈನೇಸ್ ಸಿ ಎಂಬ ದುಷ್ಟ ಕಿಣ್ವ ಕೋಶಗಳನ್ನು ಕೆಡಿಸುತ್ತದೆ."

ಯಾವ ಪ್ರೋಟೀನ್ ಕೈನೇಸ್ ಸಿ? ಅದು ಒಂದಲ್ಲ, ದೊಡ್ಡ ಕುಟುಂಬ. ಅದರಲ್ಲಿ ಡೆಲ್ಟಾ, ಈಟಾ ಎಂಬವು ಚರ್ಮದ ಕೋಶ ಬಲಿಯಲು, ಅಂದರೆ ತನ್ನ ಕೆಲಸಕ್ಕೆ ತಕ್ಕ ರೂಪ ಪಡೆಯಲು, ನೆರವಾಗುತ್ತವೆ. ಕೆಲವು ಸ್ಕ್ವಾಮಸ್ ಗಡ್ಡೆಗಳಲ್ಲಿ ಡೆಲ್ಟಾ ಇಲ್ಲವಾಗಿರುತ್ತದೆ. ದುಷ್ಟ ಅನ್ನೋದು ಯಾರಿಗೆ?

"ಕೋಶಗಳು ಬೇಗ ಬಲಿಯುವುದೇ ಕ್ಯಾನ್ಸರ್."

ಪೂರ್ತಿ ಉಲ್ಟಾ. ಚರ್ಮದ ತಳದಲ್ಲಿ ಕೋಶ ಒಡೆದು ಎರಡಾಗುತ್ತದೆ. ಮೇಲೇರಿದಂತೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ, ಒಡೆಯುವುದು ನಿಲ್ಲುತ್ತದೆ, ಚರ್ಮವನ್ನು ಗಟ್ಟಿ ಮಾಡುವ ಪ್ರೋಟೀನ್‌ಗಳಾದ ಕೆರಾಟಿನ್ 1 ಮತ್ತು 10 ತಯಾರಾಗುತ್ತವೆ. ಕ್ಯಾನ್ಸರ್ ಕೋಶ ಈ ದಾರಿಯನ್ನು ಮುಗಿಸುವುದಿಲ್ಲ, ಒಡೆಯುತ್ತಲೇ ಇರುತ್ತದೆ. ಕೋಶಗಳು ಅಷ್ಟಿಷ್ಟು ಬಲಿತ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ: ಈರುಳ್ಳಿ ಕೊಯ್ದ ಹಾಗೆ ಗುಲಾಬಿ ಬಣ್ಣದ ಸುತ್ತುಗಳು, ಕೆರಾಟಿನ್ ಮುತ್ತುಗಳು. ಕೋಶಗಳು ಬಲಿಯದ ಗಡ್ಡೆಯಲ್ಲಿ ಅವು ಕಾಣುವುದು ಅಪರೂಪ. ತುಟಿಯ ಕ್ಯಾನ್ಸರ್‌ನಲ್ಲಿ ಕೋಶಗಳು ಎಷ್ಟು ಬಲಿತಿವೆ ಅನ್ನುವುದರ ಮೇಲೆ ಅಮೆರಿಕದ ರೋಗಶಾಸ್ತ್ರಜ್ಞ ಬ್ರಾಡರ್ಸ್ 1920ರಲ್ಲೇ ದರ್ಜೆ ಕೊಟ್ಟಿದ್ದರು.

"ಆದ್ದರಿಂದ ಅದನ್ನು ತಡೆದರೆ ಸಾಕು."

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ನಮ್ಮ ಪ್ರತಿಯಲ್ಲಿ 'ಆದ್ದರಿಂದ' ಕಂಡರೆ ಕೆಂಪು ಗೆರೆ ಎಳೆದು, "ಹೇಗಪ್ಪಾ? ಮಧ್ಯದ ಮೆಟ್ಟಿಲು ತೋರಿಸು" ಅನ್ನುತ್ತಿದ್ದರು. ಮೆಟ್ಟಿಲು ಸಿಗದಿದ್ದರೆ ಇಡೀ ವಾಕ್ಯ ಹೋಗುತ್ತಿತ್ತು. ಸಂಜೆ ಬಸ್ಸಿನಲ್ಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಈಗಲೂ ನನ್ನ ಕೈ ತಾನಾಗಿ ಆ ಪದದ ಕೆಳಗೆ ಹೋಗುತ್ತದೆ.

ನಿಮ್ಮ ವಾಕ್ಯದಲ್ಲೂ ಮೆಟ್ಟಿಲು ತಪ್ಪಿದೆ. ಜಾಪಾಳದ ಎಣ್ಣೆಯಲ್ಲಿರುವ ಟಿಪಿಎ ಎಂಬ ರಾಸಾಯನಿಕ ಈ ಕಿಣ್ವವನ್ನು ಚುರುಕು ಮಾಡುತ್ತದೆ ಎಂದು ಜಪಾನಿನ ವಿಜ್ಞಾನಿ ನಿಶಿಝುಕಾ ಅವರ ತಂಡ 1982ರಲ್ಲಿ ತೋರಿಸಿತು. ಇಲಿಯ ಚರ್ಮಕ್ಕೆ ಮೊದಲು ಕ್ಯಾನ್ಸರ್‌ಕಾರಕ ಹಚ್ಚಿ, ಆಮೇಲೆ ಟಿಪಿಎಯನ್ನು ಮತ್ತೆ ಮತ್ತೆ ಹಚ್ಚಿದರೆ ಗಡ್ಡೆ ಬರುತ್ತದೆ. ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ಆದರೆ ತುಂಬಾ ಹೊತ್ತು ಟಿಪಿಎ ತಾಗಿದರೆ ಕೋಶ ಆ ಕಿಣ್ವವನ್ನೇ ಕರಗಿಸಿಬಿಡುತ್ತದೆ! ಹಾಗಾದರೆ ಗಡ್ಡೆ ಬಂದದ್ದು ಕಿಣ್ವ ಚುರುಕಾಗಿದ್ದಕ್ಕೋ, ಇಲ್ಲವಾಗಿದ್ದಕ್ಕೋ? ಬೇರೆ ಬೇರೆ ಕ್ಯಾನ್ಸರ್‌ಗಳಲ್ಲಿ ಸಿಕ್ಕ ಈ ಕುಟುಂಬದ ಜೀನ್ ರೂಪಾಂತರಗಳನ್ನು (ಮ್ಯುಟೇಶನ್‌ಗಳನ್ನು) 2015ರಲ್ಲಿ ಪರೀಕ್ಷಿಸಿದಾಗ, ಹೆಚ್ಚಿನವು ಕಿಣ್ವದ ಕೆಲಸವನ್ನು ಕುಂದಿಸುವಂಥವೇ ಆಗಿದ್ದವು. ಲೇಖನದ ಜೀವ ಇರುವುದು ಈ ಗೊಂದಲದಲ್ಲೇ ಅಲ್ವಾ?

ಆ ಪ್ಯಾರಾವನ್ನು ಹೊಸದಾಗಿ ಬರೆಯಿರಿ. ಡೆಲ್ಟಾದಿಂದ ಶುರು ಮಾಡಿ. ಬರೆದು ನನಗೇ ಕಳಿಸಿ, ಓದುತ್ತೇನೆ.