ಸ್ಲೈಡ್ ಚಿತ್ರದ ಮೂಲೆಗಳು ಮಂಕಾದರೆ: ಕಳೆಯಬೇಡಿ, ಭಾಗಿಸಿ

ಪ್ರಶ್ನೆ: ನಾನು ರೋಗಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಕೊಲ್ಯಾಜೆನ್ ಎಂಬ ನಾರಿನ ಪ್ರೋಟೀನನ್ನು ಕೆಂಪಾಗಿಸುವ ಸಿರಿಯಸ್ ರೆಡ್ ಬಣ್ಣ ಹಾಕಿದ ಯಕೃತ್ತಿನ ಸ್ಲೈಡ್‌ಗಳನ್ನು 10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಚಿತ್ರ ತೆಗೆದು, ಕೊಲ್ಯಾಜೆನ್ ಶೇಕಡಾ ಎಷ್ಟು ಜಾಗ ಆವರಿಸಿದೆ ಎಂಬುದನ್ನು ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯುತ್ತಿದ್ದೇನೆ. ಪ್ರತಿ ಚಿತ್ರದ ನಡುಭಾಗ ಬೆಳ್ಳಗೂ ಮೂಲೆಗಳು ಮಂಕಾಗಿಯೂ ಬರುತ್ತವೆ. ಹಲವು ಚಿತ್ರಗಳನ್ನು ಜೋಡಿಸಿದಾಗ ಚೌಕಳಿ ವಿನ್ಯಾಸ ಎದ್ದು ಕಾಣುತ್ತದೆ. ತಂತ್ರಾಂಶದಲ್ಲಿರುವ ‘ಸಬ್‌ಟ್ರಾಕ್ಟ್ ಬ್ಯಾಕ್‌ಗ್ರೌಂಡ್’ ಆಜ್ಞೆಯನ್ನು ಬಳಸಿದರೆ ಸಾಕೇ?

ಉತ್ತರ: ಸಾಲದು. ಆ ಆಜ್ಞೆ ಹಿನ್ನೆಲೆಯನ್ನು ಅಂದಾಜಿಸಿ ಚಿತ್ರದಿಂದ ಕಳೆಯುತ್ತದೆ, ನಿಮ್ಮ ಅಳತೆಗೆ ಅದು ಹಾನಿಯನ್ನೂ ಮಾಡಬಹುದು. ಕಾರಣ ತಿಳಿಯಲು ಚಿತ್ರ ಮೂಡುವ ಬಗೆಯನ್ನು ನೋಡಬೇಕು. ದೀಪದಿಂದ ಬಂದ ಬೆಳಕಿನಲ್ಲಿ ಅಂಗಾಂಶವು ಒಂದು ಪಾಲನ್ನು ಹೀರಿಕೊಂಡು ಉಳಿದ ಪಾಲನ್ನು ದಾಟಿಸುತ್ತದೆ. ಕ್ಯಾಮೆರಾ ದಾಖಲಿಸುವುದು ಆ ಜಾಗಕ್ಕೆ ಬಿದ್ದ ಬೆಳಕು ಮತ್ತು ದಾಟಿಬಂದ ಪಾಲು ಇವೆರಡರ ಗುಣಲಬ್ಧವನ್ನು. ಖಾಲಿ ಗಾಜಿನ ಮೇಲೆ ನಡುವಿನ ಪಿಕ್ಸೆಲ್ 240, ಮೂಲೆಯ ಪಿಕ್ಸೆಲ್ 180 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಅರ್ಧದಷ್ಟು ಬೆಳಕನ್ನು ಹೀರುವ ಒಂದೇ ಅಂಗಾಂಶವು ನಡುವಿನಲ್ಲಿ 120 ಎಂದೂ ಮೂಲೆಯಲ್ಲಿ 90 ಎಂದೂ ದಾಖಲಾಗುತ್ತದೆ. ಆ ಖಾಲಿ ಗಾಜಿನ ಚಿತ್ರವನ್ನು (ಖಾಲಿ ಚಿತ್ರ) ಕಳೆದರೆ ವ್ಯತ್ಯಾಸವು ಒಂದೆಡೆ 120, ಇನ್ನೊಂದೆಡೆ 90. ಅಸಮತೆ ಹಾಗೆಯೇ ಉಳಿಯಿತು. ಭಾಗಿಸಿದರೆ ಎರಡೂ ಕಡೆ 0.5 ಬರುತ್ತದೆ, ಮತ್ತು ಅಂಗಾಂಶದ ನಿಜವಾದ ಗುಣ ಅದೇ. ನೀವು ಇಡೀ ಚಿತ್ರಕ್ಕೆ ಒಂದೇ ಮಿತಿಯನ್ನು ಇಟ್ಟು ಅದಕ್ಕಿಂತ ಗಾಢವಾದುದನ್ನೆಲ್ಲ ಕೊಲ್ಯಾಜೆನ್ ಎಂದು ಎಣಿಸುವುದರಿಂದ, ತಿದ್ದದ ಚಿತ್ರದಲ್ಲಿ ಮೂಲೆಯ ಸಾಮಾನ್ಯ ಅಂಗಾಂಶವೂ ಫೈಬ್ರೋಸಿಸ್ (ನಾರುಗಟ್ಟುವಿಕೆ) ಲೆಕ್ಕಕ್ಕೆ ಸೇರಿಬಿಡುತ್ತದೆ. ಚೌಕಳಿ ಕಣ್ಣಿಗೆ ಕಾಣುವ ದೋಷ. ಈ ಲೆಕ್ಕದ ದೋಷ ಕಾಣದೆಯೇ ಪ್ರಬಂಧದೊಳಗೆ ಹೋಗುತ್ತದೆ ಎಂಬುದೇ ನನ್ನ ಹೆಚ್ಚಿನ ಆತಂಕ.

ಗಣಕದ ಮುಂದೆ ಕೂರುವ ಮೊದಲು ಸೂಕ್ಷ್ಮದರ್ಶಕವನ್ನೇ ಸರಿಪಡಿಸಿಕೊಳ್ಳಿ. 1893ರಲ್ಲಿ ಜರ್ಮನಿಯ ಆಗಸ್ಟ್ ಕೋಲರ್ ಪ್ರಕಟಿಸಿದ ಬೆಳಕಿನ ಜೋಡಣಾ ಕ್ರಮವನ್ನು ಇಂದಿಗೂ ಮೀರಿಸಿದ್ದಿಲ್ಲ ಎಂದೇ ಹೇಳಬೇಕು: ಸ್ಲೈಡಿಗೆ ಫೋಕಸ್ ಮಾಡಿ, ಫೀಲ್ಡ್ ಡಯಾಫ್ರಮನ್ನು (ದೀಪದ ಬಳಿಯ, ಬೆಳಕಿನ ವೃತ್ತವನ್ನು ಹಿರಿಕಿರಿದಾಗಿಸುವ ಕಿಂಡಿ) ಕಿರಿದಾಗಿಸಿ, ಅದರ ಅಂಚು ಸ್ಪಷ್ಟವಾಗಿ ಕಾಣುವವರೆಗೆ ಕಂಡೆನ್ಸರನ್ನು (ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಮಸೂರ) ಏರಿಳಿಸಿ, ಆ ಬೆಳಕಿನ ವೃತ್ತವನ್ನು ನಡುವಿಗೆ ತಂದು, ನಂತರ ಡಯಾಫ್ರಮನ್ನು ನೋಟದ ಅಂಚಿನಿಂದ ತುಸುವೇ ಆಚೆಗೆ ಹೋಗುವಷ್ಟು ತೆರೆಯಿರಿ. ಕಂಡೆನ್ಸರ್ ವಾರೆಯಾಗಿದ್ದರೆ ಒಂದೇ ಪಕ್ಕ ಮಂಕಾಗುತ್ತದೆ. ನಾಲ್ಕೂ ಮೂಲೆಗಳು ಸಮನಾಗಿ ಕಪ್ಪಾಗಿದ್ದರೆ ಕ್ಯಾಮೆರಾ ಮತ್ತು ಸೂಕ್ಷ್ಮದರ್ಶಕದ ನಡುವಿನ ಅಡಾಪ್ಟರ್ ಮಸೂರವು ಸೆನ್ಸರಿನ ಗಾತ್ರಕ್ಕೆ ಹೊಂದುತ್ತಿಲ್ಲವೇ ಎಂದು ಪರೀಕ್ಷಿಸಿ. ಬೆಳಕೇ ತಲುಪದ ಮೂಲೆಯನ್ನು ಯಾವ ಭಾಗಾಕಾರವೂ ಉಳಿಸಲಾರದು, ಅಲ್ಲಿ ಕ್ಷೀಣ ಸಂಕೇತದ ಜೊತೆಗೆ ಗದ್ದಲವೂ (ಪಿಕ್ಸೆಲ್ ಸಂಖ್ಯೆಗಳ ಅಡ್ಡಾದಿಡ್ಡಿ ಏರಿಳಿತ) ಹಿಗ್ಗುತ್ತದೆ.

ಇಷ್ಟಾದ ಮೇಲೆ ಉಳಿಯುವ ಅಸಮತೆಗೆ ಖಾಲಿ ಚಿತ್ರ ಬೇಕು. ಸ್ಲೈಡನ್ನು ತೆಗೆದಿಟ್ಟು ಚಿತ್ರ ತೆಗೆಯುವ ರೂಢಿ ಕೆಲವೆಡೆ ಇದೆ. ಅದಕ್ಕಿಂತ ಅದೇ ಸ್ಲೈಡಿನಲ್ಲಿ ಅಂಗಾಂಶವಿಲ್ಲದ, ಆದರೆ ಡಿಪಿಎಕ್ಸ್ (ಕವರ್ ಸ್ಲಿಪ್ ಅಂಟಿಸುವ ದ್ರವ್ಯ) ಮತ್ತು ಕವರ್ ಸ್ಲಿಪ್ ಇರುವ ಶುಭ್ರ ಜಾಗವನ್ನು ಆರಿಸಿಕೊಳ್ಳುವುದು ಮೇಲು, ಏಕೆಂದರೆ ಬೆಳಕು ಹಾದುಬರುವ ದಾರಿ ಆಗ ಒಂದೇ ಆಗಿರುತ್ತದೆ. ಫೋಕಸ್ ಬದಲಿಸಬೇಡಿ. ಸ್ಟೇಜನ್ನು ಪ್ರತಿ ಸಲವೂ ತುಸು ಸರಿಸುತ್ತ ಹತ್ತು ಹದಿನೈದು ಚಿತ್ರಗಳನ್ನು ತೆಗೆದು ಪ್ರತಿ ಪಿಕ್ಸೆಲ್ ಸ್ಥಾನದಲ್ಲಿ ಅವುಗಳ ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಸಂಖ್ಯೆ) ಇಟ್ಟುಕೊಳ್ಳಿ: ಸ್ಲೈಡಿನ ಮೇಲಿನ ಧೂಳು ಜಾಗ ಬದಲಿಸುವುದರಿಂದ ಅಳಿಸಿಹೋಗುತ್ತದೆ, ಕ್ಯಾಮೆರಾದ ಗಾಜಿನ ಮೇಲಿನ ಧೂಳು ಕದಲದೆ ಉಳಿದು ಭಾಗಾಕಾರದಲ್ಲಿ ತಾನಾಗಿಯೇ ರದ್ದಾಗುತ್ತದೆ. ಈ ಕಾರಣಕ್ಕಾಗಿಯೇ ಖಾಲಿ ಚಿತ್ರವನ್ನು ಮಸುಕುಗೊಳಿಸಿ ಬಳಸಬೇಡಿ ಎನ್ನುತ್ತೇನೆ. ಬೆಳಕಿನ ದಾರಿಯನ್ನು ಪೂರ್ತಿ ಮುಚ್ಚಿ ಒಂದು ಕಪ್ಪು ಚಿತ್ರವನ್ನೂ ತೆಗೆಯಿರಿ, ಬೆಳಕಿಲ್ಲದಾಗಲೂ ಕ್ಯಾಮೆರಾ ತೋರಿಸುವ ಮಟ್ಟ ಅದರಲ್ಲಿ ಸಿಗುತ್ತದೆ. ಪ್ರತಿ ಆಬ್ಜೆಕ್ಟಿವ್‌ಗೆ ಪ್ರತ್ಯೇಕ ಖಾಲಿ ಚಿತ್ರ ಬೇಕು, ಮತ್ತು ಕಂಡೆನ್ಸರಿನ ಡಯಾಫ್ರಮನ್ನು ಮುಟ್ಟಿದರೂ ಹೊಸದನ್ನೇ ತೆಗೆಯಬೇಕು.

ಕ್ಯಾಮೆರಾದ ಸ್ವಯಂಚಾಲಿತ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಅಂಚು ಚೂಪಾಗಿಸುವ ಸೌಲಭ್ಯ ಇವೆಲ್ಲವನ್ನೂ ನಿಲ್ಲಿಸಿ. ಖಾಲಿ ಗಾಜಿನ ಅತ್ಯಂತ ಪ್ರಕಾಶಮಾನ ಜಾಗವೂ 8 ಬಿಟ್ ಚಿತ್ರದ ಗರಿಷ್ಠ ಸಂಖ್ಯೆಯಾದ 255ನ್ನು ಮುಟ್ಟದಂತೆ ಎಕ್ಸ್‌ಪೋಷರನ್ನು ಕೈಯಾರೆ ನಿಗದಿಪಡಿಸಿ, ಏಕೆಂದರೆ ಒಮ್ಮೆ ತುಂಬಿಹೋದ ಪಿಕ್ಸೆಲಿನಲ್ಲಿ ಮಾಹಿತಿಯೇ ಇರುವುದಿಲ್ಲ. ಜೆಪೆಗ್ ಬದಲು ಟಿಫ್ ಆಗಿ ಉಳಿಸಿ. ಕ್ಯಾಮೆರಾ ಗಾಮಾ ಅಥವಾ ಟೋನ್ ಕರ್ವ್ ಅಳವಡಿಸುತ್ತಿದ್ದರೆ ಅದನ್ನೂ ತೆಗೆಸಿ: ಎರಡರಷ್ಟು ಬೆಳಕಿಗೆ ಎರಡರಷ್ಟು ಸಂಖ್ಯೆ ಬಾರದ ಚಿತ್ರದಲ್ಲಿ ಭಾಗಿಸಿ ಪಡೆದ ಅನುಪಾತವು ಬೆಳಕಿನ ಅನುಪಾತವಾಗಿರುವುದಿಲ್ಲ.

ಲೆಕ್ಕ ಇಷ್ಟೇ: ಅಂಗಾಂಶದ ಚಿತ್ರದಿಂದ ಕಪ್ಪು ಚಿತ್ರವನ್ನು ಕಳೆಯಿರಿ, ಖಾಲಿ ಚಿತ್ರದಿಂದಲೂ ಅದನ್ನೇ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇಮೇಜ್‌ಜೆಯಲ್ಲಿ ಕೆಂಪು, ಹಸಿರು, ನೀಲಿ ವಾಹಿನಿಗಳನ್ನು ಬೇರ್ಪಡಿಸಿ, ‘ಇಮೇಜ್ ಕ್ಯಾಲ್ಕ್ಯುಲೇಟರ್’ನಲ್ಲಿ 32 ಬಿಟ್ ಫಲಿತಾಂಶವನ್ನು ಆಯ್ದು ಭಾಗಿಸಬೇಕು, 8 ಬಿಟ್‌ನಲ್ಲಿ ಭಾಗಿಸಿದರೆ ಭಿನ್ನರಾಶಿಗಳೆಲ್ಲ ಕಳೆದುಹೋಗುತ್ತವೆ. ಬಂದ ಫಲವನ್ನು ಮೂರೂ ವಾಹಿನಿಗಳಲ್ಲಿ ಒಂದೇ ಸಂಖ್ಯೆಯಿಂದ, ಉದಾಹರಣೆಗೆ 230ರಿಂದ, ಗುಣಿಸಿದರೆ ಹಿನ್ನೆಲೆಯ ಹಳದಿ ಛಾಯೆಯೂ ಹೋಗಿ ಬಿಳುಪು ಬರುತ್ತದೆ. ನಿಮ್ಮ ಅಳತೆಗೆ ಹಸಿರು ವಾಹಿನಿಯೇ ಮುಖ್ಯ, ಕೆಂಪು ಬಣ್ಣವು ಹೀರುವುದು ಹಸಿರು ಬೆಳಕನ್ನು. ಜೋಡಿಸುವ ಕೆಲಸ ಕೊನೆಯದು: ಪ್ರತಿ ತುಣುಕನ್ನು ತಿದ್ದಿದ ಮೇಲೆಯೇ ಜೋಡಿಸಿ, ಜೋಡಿಸಿದ ದೊಡ್ಡ ಚಿತ್ರವನ್ನು ತಿದ್ದಲು ಹೊರಡಬೇಡಿ.

ತಿದ್ದುಪಡಿ ಸರಿಯಾಗಿದೆಯೇ ಎಂದು ತಿಳಿಯಲು ಅಂಗಾಂಶದ ಒಂದೇ ಗುರುತನ್ನು ಮೊದಲು ನಡುವಿನಲ್ಲಿಯೂ ಅನಂತರ ಮೂಲೆಯಲ್ಲಿಯೂ ಇಟ್ಟು ಚಿತ್ರ ತೆಗೆದು, ತಿದ್ದಿದ ಮೇಲೆ ಎರಡರ ಸರಾಸರಿಯನ್ನು ಹೋಲಿಸಿ. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಿಧಾನವನ್ನು, ಚಿತ್ರ ಎಷ್ಟೇ ಸುಂದರವಾಗಿ ಕಂಡರೂ, ಅಳತೆಗೆ ಬಳಸಬಾರದು. ಮೂಲ ಚಿತ್ರಗಳನ್ನು ಹಾಗೆಯೇ ಕಾಪಾಡಿಕೊಂಡು, ಮಾಡಿದ ತಿದ್ದುಪಡಿಯನ್ನು ಪ್ರಬಂಧದ ವಿಧಾನ ಭಾಗದಲ್ಲಿ ಬರೆಯಿರಿ.

ಪ್ರಶ್ನೆ: ಕಳೆದ ವರ್ಷದ ಚಿತ್ರಗಳಿಗೆ ಖಾಲಿ ಚಿತ್ರ ತೆಗೆದಿಲ್ಲ. ಅವುಗಳನ್ನು ಎಸೆಯಬೇಕೇ?

ಉತ್ತರ: ಬೇಡ. ಒಂದೇ ದಿನ, ಒಂದೇ ಆಬ್ಜೆಕ್ಟಿವ್‌ನಲ್ಲಿ ತೆಗೆದ ಹಲವಾರು ಚಿತ್ರಗಳಿದ್ದರೆ ಬೆಳಕಿನ ಸ್ವರೂಪ ಅವುಗಳಲ್ಲಿಯೇ ಅಡಗಿದೆ. ಅಂಗಾಂಶ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ, ಮಂಕು ಮೂಲೆ ಬದಲಾಗುವುದಿಲ್ಲ. ಎಲ್ಲವನ್ನೂ ಪೇರಿಸಿ ಪ್ರತಿ ಪಿಕ್ಸೆಲ್ ಸ್ಥಾನದ ಮಧ್ಯಾಂಕವನ್ನು ತೆಗೆದರೆ ಖಾಲಿ ಚಿತ್ರದ ಅಂದಾಜು ಸಿಗುತ್ತದೆ. 2015ರಲ್ಲಿ ಪ್ರಕಟವಾದ ಸಿಡ್ರೆ, 2017ರಲ್ಲಿ ಬಂದ ಬೇಸಿಕ್ ಎಂಬ ವಿಧಾನಗಳು ಇದೇ ತತ್ವವನ್ನು ಹೆಚ್ಚು ಎಚ್ಚರದಿಂದ ನಡೆಸುತ್ತವೆ, ಇವು ಕಡಿಮೆ ಚಿತ್ರಗಳಿಂದಲೂ ಒಳ್ಳೆಯ ಅಂದಾಜು ಕೊಡಬಲ್ಲವು. ಇರುವುದು ಒಂದೇ ಚಿತ್ರವಾದರೆ, ಅಂಗಾಂಶವಿಲ್ಲದ ಬಿಂದುಗಳನ್ನು ಚಿತ್ರದ ಎಲ್ಲ ಭಾಗಗಳಿಂದಲೂ ಆಯ್ದು ಅವುಗಳಿಗೆ ಎರಡನೆಯ ಘಾತದ (ನಯವಾಗಿ ಬಾಗಿದ) ಮೇಲ್ಮೈಯೊಂದನ್ನು ಹೊಂದಿಸಿ ಅದರಿಂದ ಭಾಗಿಸಬಹುದು. ಅಂಗಾಂಶವೇ ಇಡೀ ಚಿತ್ರವನ್ನು ತುಂಬಿರುವಲ್ಲಿ ಇದಕ್ಕೆ ಆಧಾರವಿಲ್ಲ. ಅಂಥ ಚಿತ್ರಗಳ ನಡುಭಾಗವನ್ನಷ್ಟೇ ಕತ್ತರಿಸಿ ಅಳೆಯುವುದು ಪ್ರಾಮಾಣಿಕ ದಾರಿ. ‘ಸಬ್‌ಟ್ರಾಕ್ಟ್ ಬ್ಯಾಕ್‌ಗ್ರೌಂಡ್’ನ ಉರುಳುವ ಗೋಲದ ಕ್ರಮ (ನಿಗದಿತ ತ್ರಿಜ್ಯದ ಗೋಲವೊಂದನ್ನು ಚಿತ್ರದ ಮೇಲ್ಮೈಯಡಿ ಉರುಳಿಸಿದಂತೆ ಲೆಕ್ಕಹಾಕಿ ಹಿನ್ನೆಲೆಯನ್ನು ಅಂದಾಜಿಸುವುದು) ಸಣ್ಣ ಕಣಗಳನ್ನು ಎಣಿಸಲು ಉಪಯುಕ್ತವೇ, ಆದರೆ ತಂತ್ರಾಂಶವು ತಾನಾಗಿ ತೋರಿಸುವ 50 ಪಿಕ್ಸೆಲ್ ತ್ರಿಜ್ಯವನ್ನೇ ಒಪ್ಪಿಕೊಂಡರೆ ಅದಕ್ಕಿಂತ ಅಗಲವಾದ ಕೊಲ್ಯಾಜೆನ್ ಪಟ್ಟಿಗಳನ್ನೂ ಅದು ಹಿನ್ನೆಲೆಯೆಂದು ಭಾವಿಸಿ ಅಳಿಸತೊಡಗುತ್ತದೆ.

ಪ್ರಶ್ನೆ: ಬಣ್ಣ ಹಾಕಿದ ಭಾಗವೇ ಬೆಳಕು ಸೂಸುವ ಫ್ಲೋರೊಸೆನ್ಸ್ ಚಿತ್ರಗಳಿಗೂ ಇದೇ ಕ್ರಮವೇ?

ಉತ್ತರ: ಭಾಗಾಕಾರ ಅದೇ, ಖಾಲಿ ಚಿತ್ರ ಬೇರೆ. ಅಲ್ಲಿ ಖಾಲಿ ಗಾಜು ಬರಿ ಕತ್ತಲೆಯಾದ್ದರಿಂದ ಸಮನಾಗಿ ಹೊಳೆಯುವ ವಸ್ತುವೊಂದು ಬೇಕು. ಗಾಢವಾದ ಫ್ಲೋರೊಸೀನ್ ದ್ರಾವಣದ ಒಂದು ಹನಿಯನ್ನು ಸ್ಲೈಡ್ ಮತ್ತು ಕವರ್ ಸ್ಲಿಪ್ ನಡುವೆ ತೆಳುವಾಗಿ ಹರಡಿದರೆ ಹಸಿರು ವಾಹಿನಿಗೆ ಅದು ಸಾಕು. ಪ್ರತಿ ಫಿಲ್ಟರಿಗೂ ತಕ್ಕ ಬಣ್ಣದ ದ್ರಾವಣ ಬೇಕಾಗುತ್ತದೆ. ಇಲ್ಲಿ ಕ್ಯಾಮೆರಾದ ಕಪ್ಪು ಮಟ್ಟವು ಕ್ಷೀಣ ಸಂಕೇತಕ್ಕೆ ಹೋಲಿಸಿದರೆ ಗಣನೀಯವಾಗಿರುವುದರಿಂದ, ಕಪ್ಪು ಚಿತ್ರವನ್ನು ಕಳೆಯದೆ ಭಾಗಿಸಿದರೆ ಮೂಲೆಗಳು ಇರಬೇಕಾದದ್ದಕ್ಕಿಂತ ಹೆಚ್ಚು ಹೊಳೆಯುವಂತೆ ಕಾಣುತ್ತವೆ.