ರೋಬೋಟ್ ಬೆರಳಿನ ಪುಟ್ಟ ಫೋರ್ಸ್ ಸೆನ್ಸರ್‌ನಲ್ಲಿ ಬಾಗುವ ಪಟ್ಟಿ ತೆಳ್ಳಗಿದ್ದಷ್ಟೂ ಒಳ್ಳೆಯದಲ್ವಾ?

ತೆಳ್ಳಗಾದಷ್ಟೂ ಸಿಗ್ನಲ್ ಜಾಸ್ತಿ, ನಿಜ. ಆದರೆ ಲೆಕ್ಕ ನೋಡಿ. ಒಂದು ತುದಿ ಬಿಗಿದ ಪಟ್ಟಿಯ ದಪ್ಪ ಅರ್ಧ ಮಾಡಿದರೆ, ಅದೇ ಬಲಕ್ಕೆ ಮೇಲ್ಮೈಯ ಸ್ಟ್ರೇನ್ (ಅಂದರೆ ಹಿಗ್ಗುವ-ಕುಗ್ಗುವ ಪ್ರಮಾಣ) 4 ಪಟ್ಟಾಗುತ್ತದೆ. ಪಟ್ಟಿ ಬಾಗುವುದು ಮಾತ್ರ 8 ಪಟ್ಟು. ಆಗ ಬೆರಳು ಓಲಾಡುತ್ತದೆ, ರೀಡಿಂಗ್ ನಡುಗುತ್ತದೆ. ಹಾಗಾಗಿ ಇಡೀ ಪಟ್ಟಿಯನ್ನು ಸುಮ್ನೆ ಸವೆಸಬೇಡಿ. ಸ್ಟ್ರೇನ್ ಗೇಜ್ (ಆ ಸ್ಟ್ರೇನ್ ಅಳೆಯುವ ಪುಟ್ಟ ಹಾಳೆ) ಅಂಟಿಸುವ ಜಾಗವನ್ನಷ್ಟೇ ತೆಳ್ಳಗೆ ಮಾಡಿ, ಮೂಲೆಗಳನ್ನು ದುಂಡಗೆ ಬಿಡಿ. ಚೂಪು ಮೂಲೆಯಲ್ಲೇ ಬಿರುಕು ಹುಟ್ಟೋದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಓವರ್‌ಲೋಡ್ ಸ್ಟಾಪ್. ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಸಂದು ಬಿಟ್ಟು ಗಟ್ಟಿ ಆಸರೆ ಕೊಡಿ. ಬೆರಳು ಮೇಜಿಗೆ ಬಡಿದರೂ ಪಟ್ಟಿ ಅದಕ್ಕೆ ತಾಗಿ ನಿಲ್ಲುತ್ತದೆ, ಸೊಟ್ಟಗಾಗಿ ಉಳಿಯುವುದಿಲ್ಲ.

ಆದಷ್ಟೂ ಒಂದೇ ಲೋಹದ ತುಂಡಿನಲ್ಲಿ ಕೊರೆಸಿ. ಸ್ಕ್ರೂ ಜೋಡಣೆ ಒಂಚೂರು ಜಾರಿದರೂ ಸಾಕು, ಭಾರ ತೆಗೆದ ಮೇಲೆ ರೀಡಿಂಗ್ ಸೊನ್ನೆಗೆ ಮರಳುವುದಿಲ್ಲ.